ಹೌದಣ್ಣನ ಸ್ವಂತ ಮಾತು

ಯಾರನ್ನು ಮಾತನಾಡಿಸಬೇಕಾದರೂ ಹೌದಣ್ಣ ಮೊದಲು ಅವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾನೆ. ಬೀದಿಯಲ್ಲಿ ಎದುರಾದರೂ ಅಷ್ಟೇ, ಬ್ಯಾಂಕಿನ ಸಾಲಿನಲ್ಲಿ ಸಿಕ್ಕಿದರೂ ಅಷ್ಟೇ. ನೆಟ್ಟಗೆ ನಮ್ಮೆಡೆಗೇ ನಡೆದು ಬಂದವನು, ಇನ್ನೇನು ಮುಖಕ್ಕೆ ಮುಖ ಕೂಡಿತು ಎನ್ನುವಷ್ಟರಲ್ಲಿ ಎಡಗಾಲನ್ನು ಪಕ್ಕಕ್ಕೆ ಸರಿಸಿ, ಅರ್ಧ ಸುತ್ತು ಹಾಕಿ, ನಮ್ಮ ಎಡಗಿವಿಯ ಹಿಂದೆ ನೆಲೆಗೊಂಡು, ಅಲ್ಲಿಂದ ಸಾವಕಾಶವಾಗಿ ಕುಶಲ ವಿಚಾರಿಸುತ್ತಾನೆ. ಊರಿಗೆ ಹೊಸಬರಾದವರು ಗಾಬರಿಯಿಂದ ಜೇಬು ಮುಟ್ಟಿ ನೋಡಿಕೊಳ್ಳುವುದುಂಟು. ಬಲ್ಲವರು ಮಾತ್ರ ತಮಗರಿವಿಲ್ಲದೆಯೇ ಕತ್ತು ತುಸು ಬಗ್ಗಿಸಿ ನಿಂತುಬಿಡುತ್ತಾರೆ. ತಪ್ಪು ಅವನದಲ್ಲ. ಬಾಳಿನ ಬಹುಭಾಗವನ್ನು ಒಂದು ತಿರುಗುವ ಕುರ್ಚಿಯ ಸುತ್ತ ಸುತ್ತುತ್ತಲೇ ಕಳೆದ ಕ್ಷೌರಿಕ ಅವನು. ಮನುಷ್ಯರ ಮುಖಗಳನ್ನು ಕನ್ನಡಿಯಲ್ಲಿ ಕಂಡವನು, ಮನುಷ್ಯರನ್ನು ಅವರ ಹೆಡತಲೆಯಿಂದ ಗುರುತಿಸುವವನು. ಅವನನ್ನು ನಾನು ‘ಅವನು’ ಎನ್ನುವುದು ಬರೀ ಸಲಿಗೆಯಿಂದ. ನನ್ನ ತಲೆಯಲ್ಲಿ ಕೂದಲು ತುಂಬಿದ್ದ ಕಾಲದಿಂದ ಅದು ತೆಳುವಾಗಿ ಬಯಲಾದ ಈ ಕಾಲದವರೆಗೆ ಆ ತಲೆ ಅವನ ಕೈಯಲ್ಲೇ ಇದೆ.

ಅವನ ಬಿಳಿಯ ಕೋಟಿನದೇ ಒಂದು ಕಥೆ. ಮೊಣಕಾಲಿನವರೆಗೆ ಇಳಿಬಿದ್ದ, ಗುಂಡಿಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡ, ಎದೆಯ ಜೇಬಿನಿಂದ ಬಾಚಣಿಗೆ ಇಣುಕುವ ಆ ಕೋಟನ್ನು ಕಂಡು ಮಕ್ಕಳು ಸೂಜಿ ಚುಚ್ಚುವ ಡಾಕ್ಟರೆಂದೇ ಬಗೆದು ಹೊಸ್ತಿಲಲ್ಲೇ ರಾಗ ತೆಗೆಯುತ್ತವೆ. ‘ಡಾಕ್ಟ್ರಲ್ಲಪ್ಪ ಇವ್ರು’ ಎಂದು ತಾಯಿ ರಮಿಸಿದರೆ ಇವನು ಹಿಂದಿನಿಂದ, ‘ಹೌದು ಕಂದಾ, ನಾನು ಡಾಕ್ಟ್ರಲ್ಲ’ ಎನ್ನುತ್ತಾನೆ. ‘ಸುಳ್ಳು, ಡಾಕ್ಟ್ರೇ!’ ಎಂದು ಮಗು ಹಟ ಹಿಡಿದರೆ ಅದಕ್ಕೂ, ‘ಹೌದು ಕಂದಾ, ಡಾಕ್ಟ್ರೇ. ಕೂದ್ಲಿನ ಡಾಕ್ಟ್ರು’ ಎನ್ನುತ್ತಾನೆ. ತಾಯಿಗೂ ಸಮಾಧಾನ, ಮಗುವಿಗೂ ಗೆದ್ದೆನೆಂಬ ಸಂತೋಷ. ಅಷ್ಟರಲ್ಲಿ ಅರ್ಧ ತಲೆ ಕತ್ತರಿಸಿ ಮುಗಿದಿರುತ್ತದೆ.

ಈ ಹೌದು ಹೌದಿನಿಂದಲೇ ಅವನಿಗೆ ಆ ಹೆಸರು ಅಂಟಿತು. ಅವನ ನಿಜವಾದ ಹೆಸರು ಏನೆಂದು ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸುತ್ತಾನೆ. ಅವನ ಕುರ್ಚಿಯಲ್ಲಿ ಕೂತು ಆಡಿದ ಮಾತಿಗೆ ‘ಇಲ್ಲ’ ಎಂಬ ಉತ್ತರ ಪಡೆದವರು ಊರಲ್ಲಿ ಯಾರೂ ಇರಲಿಲ್ಲ. ಚಳಿ ಹೆಚ್ಚು ಎಂದರೆ ಹೌದು. ಎಲ್ಲಿಯ ಚಳಿ, ಸೆಕೆ ಎಂದರೆ ಅದೂ ಹೌದು. ಇಷ್ಟರಲ್ಲೇ ನಿಂತಿದ್ದರೆ ಕೇಡಿರಲಿಲ್ಲ. ಆದರೆ ನಮ್ಮ ಊರಿನವರಿಗೆ ತಲೆ ಕೊಟ್ಟು ಕೂತೊಡನೆ ನೆನಪಾಗುವುದು ತೆರಿಗೆ. ಬೆಳಗ್ಗೆ ಅಂಗಡಿಯ ಬಾಗಿಲು ಮೇಲೆತ್ತುವುದನ್ನೇ ಕಾದು ಬಂದು ಕೂರುತ್ತಿದ್ದವರು ಬಟ್ಟೆ ಅಂಗಡಿಯ ಸಾಹುಕಾರರು. ಮುಖದ ತುಂಬ ನೊರೆ ಬಳಿಸಿಕೊಂಡು, ನೊರೆಯ ನಡುವಿನಿಂದಲೇ ಅವರು ಗುಡುಗುವರು: ‘ದುಡಿಯೋನು ಒಬ್ಬ, ಕಿತ್ಕೊಳ್ಳೋರು ಹತ್ತು ಜನ. ಪುರಸಭೆಯೋರು ಹೋದ ಸಲ ತೆರಿಗೆ ಏರಿಸಿ ಏನಪ್ಪಾ ಮಾಡಿದ್ರು? ಕಾರಂಜಿ! ನೀರು ಬಂತಾ ಅದ್ರಲ್ಲಿ?’ ಹೌದಣ್ಣ ಕತ್ತಿಯನ್ನು ಗಲ್ಲದ ಕೆಳಗೆ ಹಗುರಾಗಿ ಜಾರಿಸುತ್ತ, ‘ಹೌದು ಸಾಹುಕಾರ್ರೇ, ಒಂದು ಹನಿ ಬರ್ಲಿಲ್ಲ’ ಎನ್ನುವನು. ಅವರೆದ್ದು ಹೋದ ಬಿಸಿ ಆರುವ ಮುನ್ನ ಅದೇ ಕುರ್ಚಿಗೆ ನಿವೃತ್ತ ಮೇಷ್ಟ್ರು. ಅವರು ಕೂದಲಿಗಿಂತ ಹೆಚ್ಚಾಗಿ ನ್ಯಾಯವನ್ನು ನಂಬಿದವರು. ‘ಕೈಲಾಗ್ದೋರನ್ನ ನೋಡ್ಕೊಳ್ಳೋದು ದಾನ ಅಲ್ಲಯ್ಯ, ಹಕ್ಕು. ಇದ್ದೋರು ಸ್ವಲ್ಪ ಹೆಚ್ಚು ಕಟ್ಲಿ, ಏನು ಗಂಟು ಹೋಗುತ್ತೆ?’ ಎನ್ನುವರು. ‘ಹೌದು ಮೇಷ್ಟ್ರೇ, ಏನು ಗಂಟು ಹೋಗುತ್ತೆ’ ಎಂದು ಅದೇ ಕತ್ತಿ, ಅದೇ ಸ್ವರ.

ಒಮ್ಮೆ ನಾನು ತಡೆಯಲಾರದೆ ಕೇಳಿದೆ: ‘ಅಲ್ಲಯ್ಯಾ, ನಿನಗೆ ಅಂತ ಒಂದು ಅಭಿಪ್ರಾಯ ಬೇಡ್ವಾ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎಷ್ಟು ದಿನ ಅಂತ ಮಾತಾಡ್ತೀಯ?’

ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಸಂಧಿಸಿತು. ‘ಕೈಯಲ್ಲಿ ಕತ್ತಿ ಹಿಡ್ದೋನು ಬಾಯಲ್ಲೂ ಕತ್ತಿ ಇಟ್ಕೊಂಡ್ರೆ ಯಾರು ಸಾರ್ ಕುತ್ತಿಗೆ ಕೊಡ್ತಾರೆ?’ ಎಂದ. ನನ್ನ ಕುತ್ತಿಗೆ ಆಗ ಅವನ ಕೈಯಲ್ಲೇ ಇದ್ದುದರಿಂದ ನಾನೂ ‘ಹೌದು’ ಎಂದೆ.

ಅವನ ಹೆಂಡತಿಗೆ ಮರೆವು ಶುರುವಾದದ್ದು ಉಪ್ಪಿನಿಂದ. ಹಾಕಿದ್ದನ್ನು ಮರೆತು ಮತ್ತೆ ಹಾಕುವರು. ಇವನು ಬಾಯಿ ಕಹಿಯಾಗುವಷ್ಟು ಉಪ್ಪಾದ ಸಾರನ್ನು ಉಂಡು, ‘ಚೆನ್ನಾಗಿದ್ಯಾ?’ ಎಂದರೆ ‘ಹೌದು’ ಎಂದು ಒಂದು ತಂಬಿಗೆ ನೀರು ಕುಡಿದು ಬರುವನು. ಆಮೇಲೆ ಬೀದಿ ಮರೆತುಹೋಯಿತು, ಮನೆ ಮರೆತುಹೋಯಿತು, ಕೊನೆಗೆ ಇವನ ಮುಖವೂ ಆಗೊಮ್ಮೆ ಈಗೊಮ್ಮೆ ಮರೆಯತೊಡಗಿತು. ಮಕ್ಕಳಿಲ್ಲದ ಮನೆ, ಒಬ್ಬರನ್ನೇ ಬಿಟ್ಟು ಬರುವಂತಿಲ್ಲ. ದಿನವೂ ಕೈ ಹಿಡಿದು ಕರೆತಂದು ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದ. ಆ ತಾಯಿ ಬಹಳ ಮರ್ಯಾದಸ್ಥೆ. ನೆಲಕ್ಕೆ ಬಿದ್ದ ಕೂದಲನ್ನು ಒಂದು ಎಳೆಯೂ ಬಿಡದೆ ಆಯ್ದು, ಎದ್ದು ಹೊರಟ ಗಿರಾಕಿಯ ಮುಂದೆ ಅಂಗೈ ಚಾಚಿ, ‘ನಿಮ್ದು ಬಿದ್ದೋಗಿದೆ ನೋಡಿ’ ಎನ್ನುವರು. ಊರಿನ ಜನ ಎಷ್ಟೇ ಒರಟರಾದರೂ ಈ ಒಂದು ವಿಷಯದಲ್ಲಿ ನಾನು ಅವರನ್ನು ಮೆಚ್ಚಬೇಕು. ಎಲ್ಲರೂ ‘ಅಯ್ಯೋ, ನೋಡ್ಲೇ ಇಲ್ಲ ಕಣಮ್ಮ’ ಎಂದು ತಮ್ಮ ಕೂದಲನ್ನು ತಾವೇ ಜೇಬಿಗೆ ಸೇರಿಸಿಕೊಂಡು ಹೋಗುತ್ತಿದ್ದರು. ನನ್ನ ಹೆಂಡತಿ ನನ್ನ ಅಂಗಿಯ ಜೇಬನ್ನು ಝಾಡಿಸುತ್ತ ಎಷ್ಟು ಬಾರಿ ಬೈದಿದ್ದಾಳೋ ಲೆಕ್ಕವಿಲ್ಲ.

ಒಂದು ಬೆಳಗ್ಗೆ, ನನ್ನ ಬಲಗೆನ್ನೆ ಮುಗಿದು ಎಡಗೆನ್ನೆಯ ನೊರೆಯ ಮೇಲೆ ಕತ್ತಿ ಇಳಿಯುವ ಹೊತ್ತಿಗೆ, ಕನ್ನಡಿಯಲ್ಲಿ ಮೂಲೆಯ ಕುರ್ಚಿ ಖಾಲಿ ಕಂಡಿತು. ಹೌದಣ್ಣ ಬೀದಿಗೆ ಹಾರಿದ. ನಾನೂ ಹಾರಿ, ಅವನನ್ನು ದಾಟಿ ಮುಂದೆ ಓಡಿದೆ. ಆ ದೃಶ್ಯವನ್ನು ಈಗ ನೆನೆದರೆ ನಗು ಬರುತ್ತದೆ: ಮುಂದೆ ಕೊರಳಿಗೆ ಬಿಳಿಯ ಬಟ್ಟೆ ಕಟ್ಟಿಕೊಂಡು ಅರ್ಧ ಮುಖದ ನೊರೆ ಹಾರಿಸುತ್ತ ಓಡುವ ನಾನು, ಹಿಂದೆ ಬಿಚ್ಚಿದ ಕತ್ತಿಯನ್ನು ಕೈಯಲ್ಲೇ ಮರೆತು ಓಡಿ ಬರುವ ಕೋಟಿನವನು. ‘ಹಿಡ್ಕೊಳ್ರೋ, ಕೊಲ್ತಾನೆ ಅವ್ನು!’ ಎಂದು ತರಕಾರಿಯವಳೊಬ್ಬಳು ಕೂಗಿಕೊಂಡಳು. ಆಗ ಮಾತ್ರ ನಮ್ಮಿಬ್ಬರಿಗೂ ನಗುವ ಸ್ಥಿತಿ ಇರಲಿಲ್ಲ. ಬಸ್ಸುಗಳು ಒಂದರ ಬಾಲ ಒಂದು ಹಿಡಿದು ಹರಿಯುವ ರಸ್ತೆ ಅದು. ಕೊನೆಗೆ ಆ ತಾಯಿ ಸಿಕ್ಕಿದ್ದು ಸಾಹುಕಾರರ ಬಟ್ಟೆ ಅಂಗಡಿಯಲ್ಲಿ. ಸಾಹುಕಾರರು ಯಾವ ಪ್ರಶ್ನೆಯನ್ನೂ ಕೇಳದೆ ಒಂದು ಸ್ಟೂಲು ಹಾಕಿ, ನೀರು ಕೊಟ್ಟು, ಮಡಿಸಲೆಂದು ಒಂದು ರಾಶಿ ಬಟ್ಟೆ ಮುಂದಿಟ್ಟು ಕೂರಿಸಿದ್ದರು. ಹೌದಣ್ಣ ಬಾಗಿಲಲ್ಲೇ ಕುಸಿದು ಕೂತು ಅತ್ತ. ಆ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇದಾದ ಕೆಲವು ತಿಂಗಳಿಗೆ ಪುರಸಭೆ ಹಗಲುಮನೆಯನ್ನು ತೆರೆಯಿತು. ಹಳೆಯ ಗ್ರಂಥಾಲಯದ ಹಿಂದಿನ ಎರಡು ಕೋಣೆ, ದೊಡ್ಡ ಕಿಟಕಿಗಳು, ಚಿಲಕ ಹಾಕುವ ಒಂದು ಅಂಗಳ, ಇಬ್ಬರು ನರ್ಸುಗಳು. ಮರೆವಿನ ರೋಗಿಗಳನ್ನು ಬೆಳಗ್ಗೆ ಬಿಟ್ಟು ಸಂಜೆ ಕರೆದೊಯ್ಯಬಹುದು. ಹೌದಣ್ಣನ ಹೆಂಡತಿ ಅಲ್ಲಿ ಬಟ್ಟೆ ಮಡಿಸುತ್ತ, ಬಿಸಿಲು ಕಾಯಿಸಿಕೊಳ್ಳುತ್ತ, ಪಕ್ಕದವರ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ದಿನ ಕಳೆಯತೊಡಗಿದರು. ಹೌದಣ್ಣನ ಬೆನ್ನು ನೆಟ್ಟಗಾಯಿತು. ಕೋಟಿಗೆ ಎರಡನೆಯ ಗುಂಡಿ ಬಂತು. ಕತ್ತರಿಯ ಸದ್ದಿಗೆ ಮೊದಲಿನ ತಾಳವೂ ಬಂತು.

ಆದರೆ ಊರೆಂದ ಮೇಲೆ ಖರ್ಚು, ಖರ್ಚೆಂದ ಮೇಲೆ ಜಗಳ. ಪುರಸಭೆಯ ಬೊಕ್ಕಸ ಬರಿದಾಯಿತು. ಅಂಗಡಿಗಳ ಮೇಲೆ ಒಂದು ಹೊಸ ತೆರಿಗೆ ಹಾಕಬೇಕು, ಇಲ್ಲವಾದರೆ ಹಗಲುಮನೆಯನ್ನು ಮುಚ್ಚಬೇಕು ಎಂಬ ಪ್ರಶ್ನೆ ಎದ್ದಿತು. ಊರು ಎರಡು ಹೋಳಾಯಿತು. ತೆರಿಗೆ ಬೇಡವೆನ್ನುವವರ ಮುಂದಾಳು ಸಾಹುಕಾರರು, ಬೇಕೆನ್ನುವವರ ಮುಂದಾಳು ಮೇಷ್ಟ್ರು. ಇಬ್ಬರೂ ಈ ಸಲ ಪುರಸಭೆಗೆ ಆರಿಸಿ ಬಂದ ಸದಸ್ಯರು, ಇಬ್ಬರೂ ಸಜ್ಜನರು, ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಜಗಳ ಬೆಳೆಯಲು ಇನ್ನೇನು ಬೇಕು? ‘ನಾಲ್ಕು ಅಂಗಡಿ ಈಗಾಗ್ಲೇ ಬಾಗಿಲು ಹಾಕಿವೆ, ಇನ್ನೂ ಹಿಂಡಿದ್ರೆ ಉಳಿದೋರೂ ಹೋಗ್ತಾರೆ’ ಎಂದು ಸಾಹುಕಾರರು. ‘ಕಾರಂಜಿ ಕೆಟ್ಟಿತು ಅಂತ ಹಗಲುಮನೆ ಮುಚ್ಚೋದಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ!’ ಎಂದು ಮೇಷ್ಟ್ರು. ಸಾಹುಕಾರರು ಎಲ್ಲೆಡೆಯೂ ಹೇಳತೊಡಗಿದರು: ಹೌದಣ್ಣನೇ ನಮ್ಮ ಕಡೆ ಇದ್ದಾನೆ, ಬಡ ಅಂಗಡಿಯವನು, ತೆರಿಗೆ ಬೇಡವೆಂದು ನನ್ನ ಮುಂದೆಯೇ ಒಪ್ಪಿದ್ದಾನೆ. ಮೇಷ್ಟ್ರೂ ಅಷ್ಟೇ ಖಂಡಿತವಾಗಿ ಹೇಳಿದರು: ಹೌದಣ್ಣ ನಮ್ಮವನು, ತೆರಿಗೆ ಬರಲಿ ಎಂದು ನನ್ನ ಮುಂದೆಯೇ ಒಪ್ಪಿದ್ದಾನೆ. ಸುಳ್ಳು ಹೇಳಿದವರು ಇಬ್ಬರಲ್ಲಿ ಒಬ್ಬರೂ ಇಲ್ಲ. ಪುರಸಭೆ ಜನರ ಅಹವಾಲು ಕೇಳಲು ಸಭೆ ಕರೆದಾಗ ಇಬ್ಬರೂ ತಮ್ಮ ಸಾಕ್ಷಿಯೆಂದು ಅವನ ಹೆಸರನ್ನೇ ಕೊಟ್ಟುಬಂದರು.

ಆ ವಾರ ಅವನ ಕತ್ತರಿ ಮೊದಲ ಬಾರಿಗೆ ನನ್ನ ಕಿವಿಗೆ ತಾಗಿತು. ಒಂದು ಹನಿ ರಕ್ತ. ಅವನು ಮಾತ್ರ ರಕ್ತ ನಿಂತ ಮೇಲೂ ಪಟಿಕದ ತುಂಡನ್ನು ಒತ್ತಿಯೇ ಹಿಡಿದಿದ್ದ.

‘ಅಡಕತ್ತರಿಗೆ ಸಿಕ್ಕಿದೀನಿ ಸಾರ್. ಮುಚ್ಚಿದ್ರೆ ನಾನು ಅಂಗಡಿ ಬಿಟ್ಟು ಮನೇಲಿ ಕೂರ್ಬೇಕು. ಕೂತ್ರೆ ಊಟಕ್ಕೇನು? ಅವಳನ್ನ ಮತ್ತೆ ಇಲ್ಲಿಗೆ ತಂದ್ರೆ, ಆ ರಸ್ತೆ…’

‘ಅದನ್ನೇ ಸಭೆಯಲ್ಲಿ ಹೇಳಯ್ಯಾ.’

‘ಹೇಗ್ ಹೇಳ್ಲಿ? ಸಾಹುಕಾರ್ರು ಅವತ್ತು ಅವಳನ್ನ ಕೂರಿಸ್ಕೊಂಡು ನೀರು ಕೊಟ್ಟೋರು. ಅವ್ರ ಮುಖಕ್ಕೆ ಇಲ್ಲ ಅನ್ನೋಕೆ ಬಾಯಿ ಬರುತ್ತಾ? ಅದೂ ಅಲ್ದೆ ಸಾರ್, ನನಗೆ ಮುಖಕ್ಕೆ ಮುಖ ಕೊಟ್ಟು ಮಾತಾಡೇ ಗೊತ್ತಿಲ್ಲ.’

ಸಭೆ ನಡೆದದ್ದು ಒಂದು ಮಧ್ಯಾಹ್ನ, ಪುರಸಭೆಯ ದೊಡ್ಡ ಹಾಲಿನಲ್ಲಿ. ಎದುರಿಗೆ ಉದ್ದನೆಯ ಮೇಜು, ಮೇಜಿನ ಹಿಂದೆ ಸಾಲಾಗಿ ಸದಸ್ಯರು, ನಡುವೆ ಅಧ್ಯಕ್ಷೆ. ಹೌದಣ್ಣ ಒಗೆದು ಇಸ್ತ್ರಿ ಮಾಡಿದ ಅದೇ ಬಿಳಿಯ ಕೋಟು ತೊಟ್ಟು ಬಂದಿದ್ದ. ಕರೆದೊಡನೆ ಎದ್ದವನು ಅಭ್ಯಾಸಬಲದಿಂದ ಮೇಜನ್ನು ಬಳಸಿ ಸದಸ್ಯರ ಹಿಂದಕ್ಕೆ ಹೊರಟ. ಜವಾನ ತೋಳು ಹಿಡಿದು ಎಳೆತಂದು ಮೈಕಿನ ಮುಂದೆ ನಿಲ್ಲಿಸಿದ. ಅಷ್ಟು ಮುಖಗಳು ಒಟ್ಟಿಗೆ, ಎಲ್ಲವೂ ತನ್ನನ್ನೇ ನೋಡುತ್ತ, ನಡುವೆ ಒಂದು ಕನ್ನಡಿಯೂ ಇಲ್ಲದೆ! ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಸಾಹುಕಾರರು, ‘ಹೇಳಪ್ಪಾ, ಹೆದರ್ಬೇಡ’ ಎಂದು ಹುರಿದುಂಬಿಸಿದರು. ಮೇಷ್ಟ್ರು, ‘ಧೈರ್ಯವಾಗಿ ಹೇಳಯ್ಯಾ’ ಎಂದರು. ಹಿಂದಿನ ಸಾಲಿನಲ್ಲಿದ್ದ ನನಗೆ, ಅವನು ಬಾಯಿ ಬಿಟ್ಟರೆ ಎಲ್ಲಿ ಅದೇ ‘ಹೌದು’ ಉದುರಿಬಿಡುವುದೋ ಎಂಬ ಭಯ.

ಅಷ್ಟರಲ್ಲಿ, ದಿಕ್ಕು ತೋಚದ ಆ ಗಳಿಗೆಯಲ್ಲಿ, ಅವನ ನಾಲಿಗೆ ತನಗೆ ಕಂಠಪಾಠವಾದ ಒಂದೇ ಒಂದು ವಾಕ್ಯವನ್ನು ತಾನಾಗಿಯೇ ಹೇಳಿಬಿಟ್ಟಿತು: ‘ಸ್ವಲ್ಪ ತಲೆ ಬಗ್ಗಿಸಿ.’

ಮೇಜಿನ ಹಿಂದಿನ ಸದಸ್ಯರೆಲ್ಲ, ಪಕ್ಷಭೇದವಿಲ್ಲದೆ, ತಲೆ ಬಗ್ಗಿಸಿದರು. ಎಲ್ಲರೂ ಅವನ ಗಿರಾಕಿಗಳೇ. ಅಧ್ಯಕ್ಷೆಯೊಬ್ಬರು ಮಾತ್ರ ತಲೆಯೆತ್ತಿ ಕೂತು ಆಚೆ ಈಚೆ ನೋಡಿ, ‘ಇದೇನ್ರೀ ಇದು?’ ಎಂದರು. ಹಾಲಿಗೆ ಹಾಲೇ ನಕ್ಕಿತು. ಬಗ್ಗಿಸಿದ ತಲೆಗಳೂ ಬಗ್ಗಿಕೊಂಡೇ ನಕ್ಕವು. ಹೌದಣ್ಣನಿಗೆ ಮಾತ್ರ ಎದುರಿಗೆ ಮುಖಗಳು ಮಾಯವಾಗಿ ತನ್ನ ಕೈಯಡಿ ಬೆಳೆದ, ನೆರೆತ, ಬೋಳಾದ ಪರಿಚಯದ ನೆತ್ತಿಗಳು ಕಂಡವು. ಅವನ ದನಿ ತಟ್ಟನೆ ತೆರೆಯಿತು.

‘ಸಾಹುಕಾರ್ರು ಹೇಳಿದ್ದು ಹೌದು. ತೆರಿಗೆ ಭಾರನೇ. ಮೇಷ್ಟ್ರು ಹೇಳಿದ್ದೂ ಹೌದು. ಆದ್ರೆ ಎರಡೂ ನನ್ನ ಮಾತಲ್ಲ. ಕೂತೋರ ಮಾತಿಗೆ ಹೌದು ಅಂದೆ, ಅಷ್ಟೇ. ನನ್ನ ಮಾತು ಯಾರೂ ಕೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ.’

ತಲೆಗಳು ಮೆಲ್ಲಗೆ ಮೇಲೇಳತೊಡಗಿದವು. ಅವನು ಈಗ ನಿಲ್ಲಲಿಲ್ಲ.

‘ನನ್ನ ಹೆಂಡ್ತಿನ ಬೆಳಗ್ಗೆ ಅಲ್ಲಿ ಬಿಟ್ಟು ಬಂದ್ರೆ ನನ್ನ ಕೈ ನಡುಗಲ್ಲ. ಮುಚ್ಚಿದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಅವಳ ಜೊತೆ ಕೂರ್ತೀನಿ, ನನ್ನ ಹೆಂಡ್ತಿ, ಕೂರ್ದೆ ಏನು? ಆದ್ರೆ ಇಬ್ರೂ ಏನು ತಿನ್ನೋದು? ಅದಕ್ಕೇ, ತೆರಿಗೆ ಹಾಕಿ. ನನಗೆ ಇಷ್ಟ ಇಲ್ಲ. ಹಾಕಿ. ಬೈಕೊಂಡೇ ಕಟ್ತೀನಿ. ಆದ್ರೆ ಕಟ್ತೀನಿ. ಕಾರಂಜಿಗೆ ಮಾತ್ರ ಕೇಳ್ಬೇಡಿ.’

ಎಲ್ಲರ ಕಣ್ಣೂ ಸಾಹುಕಾರರ ಮೇಲೆ. ಅವರು ಕೆಮ್ಮಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ‘ಬೈಕೊಂಡು ಕಟ್ಬಹುದು ಅಂತ ಮೊದ್ಲೇ ಹೇಳಿದ್ರೆ ನಾನು ಇಷ್ಟು ದಿನ ಗಂಟ್ಲು ಹರ್ಕೊಳ್ತಿದ್ನೇನಯ್ಯಾ?’ ಎಂದರು. ನಗೆಯ ಎರಡನೆಯ ಅಲೆ ಎದ್ದಿತು. ಆ ನಗೆಯಲ್ಲಿ ಅಷ್ಟು ದಿನದ ಹಗೆ ಅರ್ಧಕ್ಕರ್ಧ ಕೊಚ್ಚಿಹೋಯಿತು. ಆದರೂ ಸಾಹುಕಾರರು ವ್ಯಾಪಾರಿ, ಬಿಟ್ಟಿ ಸೋಲುವವರಲ್ಲ. ಈ ತೆರಿಗೆ ಹಗಲುಮನೆಗೇ ಸಲ್ಲಬೇಕು, ಬೇರೆಡೆಗೆ ಒಂದು ಕಾಸೂ ಹರಿಯಕೂಡದು, ಪ್ರತಿ ವರ್ಷವೂ ಸಭೆ ಮತ್ತೆ ಒಪ್ಪಿದರೆ ಮಾತ್ರ ಮುಂದುವರಿಯಬೇಕು ಎಂದು ಷರತ್ತು ಹಾಕಿದರು. ಹಕ್ಕಿಗೆ ಷರತ್ತೇ ಎಂದು ಮೇಷ್ಟ್ರು ಮುಖ ಸಿಂಡರಿಸಿದರು. ಒಮ್ಮೆ ಹೌದಣ್ಣನತ್ತ ನೋಡಿ, ‘ಆಗ್ಲಿ ಬಿಡಿ, ಪ್ರತಿ ವರ್ಷ ಜಗಳ ಆಡೋಕೆ ನಾನೂ ಇರ್ತೀನಿ’ ಎಂದರು. ಕೈಗಳು ಮೇಲೆದ್ದವು. ಹಗಲುಮನೆ ಉಳಿಯಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು; ಅಭಿನಂದಿಸೋಣವೆಂದು ನೋಡಿದರೆ ಮೈಕಿನ ಮುಂದೆ ಹೌದಣ್ಣನೇ ಇರಲಿಲ್ಲ. ಸಂಜೆಯಾಗಿತ್ತು, ಹೆಂಡತಿಯನ್ನು ಕರೆತರುವ ಹೊತ್ತು ಮೀರಿತ್ತು, ಅವನು ಆಗಲೇ ಓಡಿದ್ದ.

ನಾನೂ ಹಿಂದೆಯೇ ಹೋದೆ. ಹಗಲುಮನೆಯ ಅಂಗಳದಲ್ಲಿ ಉಳಿದವರೆಲ್ಲ ಹೋಗಿಯಾಗಿತ್ತು. ನರ್ಸಿನ ಪಕ್ಕದ ಬೆಂಚಿನಲ್ಲಿ ಆ ತಾಯಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾದು ಕೂತಿದ್ದರು. ಅವರ ಕಣ್ಣಿಗೆ ಅವನು ಕೆಲವು ದಿನ ಗಂಡ, ಕೆಲವು ದಿನ ಸೋದರಮಾವ. ಅಂದು ಬಸ್ಸಿನ ಕಂಡಕ್ಟರು.

‘ಇಷ್ಟು ತಡಾನಾ ಕಂಡಕ್ಟ್ರೇ?’

‘ಹೌದಮ್ಮ, ತಡ ಆಯ್ತು. ಬನ್ನಿ, ಸೀಟಿದೆ.’

ಅವರು ಎದ್ದು, ಎರಡು ಹೆಜ್ಜೆ ಇಟ್ಟು ನಿಂತರು. ‘ನಾಳೇನೂ ಇಲ್ಲಿಗೆ ಬಿಡ್ತೀರಾ?’

ಅವರು ಅದನ್ನು ದಿನವೂ ಕೇಳುತ್ತಿದ್ದರಂತೆ. ಜಗಳ ಶುರುವಾದಂದಿನಿಂದ ಜಗತ್ತಿಗೆಲ್ಲ ಹೌದೆನ್ನುವ ಆ ಮನುಷ್ಯ ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲಾರದೆ, ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿಬಿಡುತ್ತಿದ್ದನಂತೆ. ನರ್ಸು ಆಮೇಲೆ ನನಗೆ ಹೇಳಿದಳು. ಅಂದು ಅವನು ಬಗ್ಗಲಿಲ್ಲ. ಹೆಂಡತಿಯ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ನಿಂತು, ‘ಹೌದು’ ಎಂದ.

ಹೌದಣ್ಣನಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ತೆರಿಗೆ ಎಷ್ಟಿರಬೇಕು, ಯಾರು ಕೊಡಬೇಕು, ಯಾರಿಗೆ ಕೊಡಬೇಕು ಎಂದು ನಾವು ಗಂಟಲು ಹರಿದುಕೊಳ್ಳುವಾಗ ಅವರು ನಮ್ಮ ಬೆನ್ನ ಹಿಂದೆ ನಿಂತು ತಲೆದೂಗುತ್ತಿರುತ್ತಾರೆ, ನಾವು ಆ ತಲೆದೂಗುವಿಕೆಯನ್ನು ನಮ್ಮ ನಮ್ಮ ಪಕ್ಷದ ಜೇಬಿಗೆ ಸೇರಿಸಿಕೊಂಡು ಗೆದ್ದೆವೆಂದು ಬೀಗುತ್ತೇವೆ. ವಾದ ನಮ್ಮದು, ಅದರಿಂದ ಮುರಿದು ಬೀಳುವ ಮನೆ ಅವರದು. ಅವರಿಗೆ ಸ್ವಂತ ಮಾತಿಲ್ಲವೆಂದು ನಾನೂ ಎಷ್ಟೋ ವರ್ಷ ನಂಬಿದ್ದೆ. ಇದೆ, ಒಮ್ಮೆ ನಾವು ಬಾಯಿ ಮುಚ್ಚಿ ತಲೆ ಬಗ್ಗಿಸಿದರೆ ಸಾಕು, ಹೇಳುತ್ತಾರೆ. ಅದಕ್ಕಾಗಿ ತಾವು ಎಷ್ಟು ಕಾಲ ಕಾದಿದ್ದೆವು ಎಂಬುದೊಂದನ್ನು ಮಾತ್ರ ಹೇಳುವುದಿಲ್ಲ.